ಮೂರು ಪಾಯಿಂಟ್: ಬೆಳಗಾವಿಯ ಒಂದು ಟೇಬಲ್ ಟೆನಿಸ್ ಗುಂಪಿನ ಪ್ರಕರಣ

"ಸರ, ವಿಜಯಪುರದಾಕಿನ್ನ ನಾನ ಸೋಲಿಸೀನಿ. ಆಕಿ ಮುಂದ ಹೋದ್ಲು, ನಾ ಹೊರಗ. ಇದ್ಹೆಂಗ?"

ಬೆಳಗಾವಿಯ ಒಂದು ಒಳಾಂಗಣದಲ್ಲಿ, ಗೋಡೆಗೆ ಅಂಟಿಸಿದ ಗುಂಪಿನ ಹಾಳೆ ಮುಂದೆ ನಿಂತು ನಾನು ಕಲಿಸುವ ಹುಡುಗಿ ಕೇಳಿದ ಪ್ರಶ್ನೆ ಇದು. ನಾನು ಬಾಗಲಕೋಟೆಯ ನವನಗರದಲ್ಲಿ ಮಕ್ಕಳಿಗೆ ಟಿಟಿ ಕಲಿಸುತ್ತೇನೆ. ಆವತ್ತು 15 ವರ್ಷದೊಳಗಿನ ಹುಡುಗಿಯರ ವಿಭಾಗಕ್ಕೆ ಇವಳನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ಬಸ್ಸು ಹತ್ತಿ, ಲೋಕಾಪುರ, ಯರಗಟ್ಟಿ ದಾಟಿ ಬಂದಿದ್ದೆವು. ಜೊತೆಗೆ ಅವಳ ಅಪ್ಪನೂ ಇದ್ದರು. ಮೂರು ಮ್ಯಾಚಲ್ಲಿ ಎರಡು ಗೆದ್ದಳು. ತಾನು ಸೋಲಿಸಿದ ಹುಡುಗಿಯೇ ತನ್ನನ್ನು ದಾಟಿ ನಾಕೌಟ್‌ಗೆ ಹೋದಳು. ಮಧ್ಯಾಹ್ನ ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಅನ್ಯಾಯ ಏನೂ ಆಗಿರಲಿಲ್ಲ. ರೆಫರಿ ಮಾಡಿದ್ದು ಸರಿಯಾಗಿತ್ತು. ತಪ್ಪು ಆಗಿದ್ದು ನಮ್ಮ ಬೆಂಚಿನಲ್ಲಿ, ಅದರಲ್ಲೂ ನನ್ನಿಂದ. ಹಾಗಾಗಿ ಈ ಪ್ರಕರಣವನ್ನು ಅಂಕಿಗಳ ಸಮೇತ ಪೂರ್ತಿ ಬರೆದಿಡುತ್ತಿದ್ದೇನೆ. ಮಕ್ಕಳ ಹೆಸರು ಬೇಡ, ಊರಿನ ಹೆಸರಿನಿಂದಲೇ ಕರೆಯುತ್ತೇನೆ.

ಗುಂಪಿನಲ್ಲಿ ನಾಲ್ವರು. ಬೆಳಗಾವಿ ಮೊದಲ ಸೀಡ್, ನಮ್ಮ ಬಾಗಲಕೋಟೆ ಎರಡನೇ ಸೀಡ್, ಆಮೇಲೆ ವಿಜಯಪುರ ಮತ್ತು ಗೋಕಾಕ. ಎಲ್ಲರೂ ಎಲ್ಲರ ಜೊತೆ ಆಡಬೇಕು, ಐದು ಗೇಮ್‌ಗಳಲ್ಲಿ ಮೂರು ಗೆದ್ದವರಿಗೆ ಮ್ಯಾಚ್. ಮೊದಲ ಇಬ್ಬರು ನಾಕೌಟ್‌ಗೆ. ಟೈ ಆದರೆ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಶನ್, ಅಂದರೆ ಐಟಿಟಿಎಫ್ ನಿಯಮ ಅನ್ವಯ ಎಂದು ಟೂರ್ನಿಯ ಮಾಹಿತಿ ಹಾಳೆ, ಅಂದರೆ ಪ್ರಾಸ್ಪೆಕ್ಟಸ್‌ನ ಕೊನೆಯಲ್ಲಿ ಒಂದು ಸಾಲು ಇತ್ತು. ಆ ಸಾಲನ್ನು ನಾನು ಓದಿದ್ದೆ. ಅದರ ಹಿಂದಿನ ಲೆಕ್ಕವನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ಮೊದಲ ಸುತ್ತಿನಲ್ಲಿ ನಮ್ಮವಳು ವಿಜಯಪುರವನ್ನು 3-1ರಿಂದ ಸೋಲಿಸಿದಳು: 11-8, 9-11, 11-7, 11-9. ಚೆನ್ನಾಗಿ ಆಡಿದಳು. ವಿಜಯಪುರದ ಹುಡುಗಿ ಬ್ಯಾಕ್‌ಹ್ಯಾಂಡ್ ಕಡೆ ಉದ್ದ ಪಿಂಪಲ್ ರಬ್ಬರ್, ಅಂದರೆ ಮೇಲೆ ಉದ್ದನೆಯ ಗುಬಟುಗಳಿರುವ ರಬ್ಬರ್ ಹಾಕಿದ್ದಳು. ಅದಕ್ಕೆ ಹೊಡೆದ ಚೆಂಡು ನಾವು ಕೊಟ್ಟ ಸ್ಪಿನ್ ತಿರುಗಾಮುರುಗಾ ಮಾಡಿಕೊಂಡು ವಾಪಸ್ ಬರುತ್ತದೆ. ಇವಳು ಅವಸರ ಮಾಡದೆ ಆ ಕಡೆ ಉದ್ದ ಚೆಂಡು ಕೊಟ್ಟು, ಎತ್ತರಕ್ಕೆ ಬಂದದ್ದನ್ನು ಮಾತ್ರ ಹೊಡೆದಳು. ಎರಡನೇ ಸುತ್ತಿನಲ್ಲಿ ಗೋಕಾಕ ವಿರುದ್ಧ 11-3, 11-2, 11-4. ಅದೇ ಹೊತ್ತಿಗೆ ಪಕ್ಕದ ಟೇಬಲ್‌ನಲ್ಲಿ ವಿಜಯಪುರ ಬೆಳಗಾವಿಗೆ ಶಾಕ್ ಕೊಟ್ಟಿತು: 11-9, 11-8, 7-11, 11-8. ಬೆಳಗಾವಿಯ ಹುಡುಗಿ ಗೋಕಾಕವನ್ನು ಮೊದಲೇ 3-0ಯಿಂದ ಸೋಲಿಸಿದ್ದಳು.

ಕೊನೆಯ ಸುತ್ತಿಗೆ ಮುಂಚಿನ ಪರಿಸ್ಥಿತಿ ಹೀಗಿತ್ತು. ನಮ್ಮವಳದ್ದು ಎರಡು ಗೆಲುವು. ಬೆಳಗಾವಿ, ವಿಜಯಪುರ ತಲಾ ಒಂದು ಗೆಲುವು, ಒಂದು ಸೋಲು. ಬಾಕಿ ಇದ್ದದ್ದು ಬೆಳಗಾವಿ–ಬಾಗಲಕೋಟೆ ಮತ್ತು ವಿಜಯಪುರ–ಗೋಕಾಕ. ಎರಡೂ ಅಕ್ಕಪಕ್ಕದ ಟೇಬಲ್‌ಗಳಲ್ಲಿ, ಒಂದೇ ಹೊತ್ತಿಗೆ.

ಆಗ ನಾನು ಹೇಳಿದ ಮಾತು ಇದು: "ಟೆನ್ಶನ್ ತಗೋಬ್ಯಾಡ. ಸೋತರೂ ವಿಜಯಪುರನ್ನ ನೀ ಸೋಲಿಸೀದಿ, ಟೈ ಆದ್ರ ನೀನ ಮುಂದ." ಧೈರ್ಯ ತುಂಬಲು ಹೇಳಿದ್ದು. ಅವಳು ಅದನ್ನು ನಿಯಮ ಅಂದುಕೊಂಡಳು. ಕೋಚ್ ಹೇಳಿದ ಮೇಲೆ ಇನ್ನೇನು ಅಂದುಕೊಳ್ಳಬೇಕು?

ಬೆಳಗಾವಿ ವಿರುದ್ಧ ಮೊದಲ ಗೇಮ್ 8-11. ಎರಡನೆಯದು 11-8, ನಮ್ಮದು. ಮೂರನೆಯದು ಮತ್ತೆ 8-11. ನಾಲ್ಕನೇ ಗೇಮ್‌ನಲ್ಲಿ 2-7. ಸರ್ವ್ ಇವಳ ಕೈಯಲ್ಲಿ ಇತ್ತು. ಚೆಂಡನ್ನು ಅಂಗೈಯಿಂದ ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕು, ಎಸೆದಳು. ಆದರೆ ಕಣ್ಣು ಪಕ್ಕದ ಟೇಬಲ್ ಕಡೆ ಇತ್ತು. ಚೆಂಡು ನೆಟ್‌ಗೆ ಬಡಿದು ಈ ಕಡೆಯೇ ಉಳಿಯಿತು. 2-8. ಆಮೇಲೆ ಎದುರಾಳಿಯ ಎರಡು ಸರ್ವ್. ಒಂದಕ್ಕೆ ಸುಮ್ನೆ ಬ್ಯಾಟ್ ಇಟ್ಟಳು, ಇನ್ನೊಂದನ್ನು ಜೋರಾಗಿ ಹೊರಗೆ ಹೊಡೆದಳು. 2-10. ಒಟ್ಟು ಹನ್ನೆರಡು ಪಾಯಿಂಟ್ ಆಗಿತ್ತು. ಆರು ಪಾಯಿಂಟಿಗೊಮ್ಮೆ ಟವೆಲ್‌ನಿಂದ ಮುಖ ಒರೆಸಿಕೊಳ್ಳಲು ಸಿಗುವ ಆ ಸಣ್ಣ ಬಿಡುವು ಇತ್ತು. ಅವಳು ಟವೆಲ್ ಹತ್ತಿರವೂ ಹೋಗಲಿಲ್ಲ. ಇನ್ನೊಂದು ಸರ್ವ್, ಉದ್ದ ಹೋದ ಒಂದು ಪುಶ್, 2-11. 2-7ರಿಂದ ಇಲ್ಲಿಗೆ ಬರಲು ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ಒಂದು ಮ್ಯಾಚಿಗೆ ಒಬ್ಬ ಆಟಗಾರರಿಗೆ ಒಂದು ನಿಮಿಷದ ಒಂದು ಟೈಮ್-ಔಟ್ ಸಿಗುತ್ತದೆ. ನಾವು ಅದನ್ನು ಬಳಸಿರಲೇ ಇಲ್ಲ. ಈಗ ಪಾಯಿಂಟ್‌ಗಳ ನಡುವೆ ಕೋಚ್ ಮಾತಾಡಲೂ ಅವಕಾಶ ಇದೆ, ಆಟ ನಿಧಾನ ಆಗಬಾರದು ಅಷ್ಟೇ. ನಾನು ಅದನ್ನೂ ಮಾಡಲಿಲ್ಲ. ನನ್ನ ಕಣ್ಣೂ ಪಕ್ಕದ ಟೇಬಲ್ ಮೇಲೆ ಇತ್ತು. ಅಲ್ಲಿ ಗೋಕಾಕ ಒಂದು ಗೇಮ್ ಗೆದ್ದು ಆಸೆ ಹುಟ್ಟಿಸಿತ್ತು. ಕೊನೆಗೆ ವಿಜಯಪುರವೇ ಗೆದ್ದಿತು: 11-8, 11-9, 9-11, 11-8.

ಈಗ ಮೂವರಿಗೂ ಎರಡೆರಡು ಗೆಲುವು. ಬಾಗಲಕೋಟೆ ವಿಜಯಪುರವನ್ನು, ವಿಜಯಪುರ ಬೆಳಗಾವಿಯನ್ನು, ಬೆಳಗಾವಿ ಬಾಗಲಕೋಟೆಯನ್ನು ಸೋಲಿಸಿತ್ತು. ಇಂಥ ಕಡೆ "ನಾನು ಅವಳನ್ನು ಸೋಲಿಸಿದ್ದೇನೆ" ಅನ್ನುವ ಮಾತು ಮೂವರ ಬಾಯಲ್ಲೂ ಬರುತ್ತದೆ, ಅಲ್ವಾ? ಹಾಗಾಗಿ ಅದರಿಂದ ಏನೂ ತೀರ್ಮಾನ ಆಗಲ್ಲ. ಪರಸ್ಪರ ಆಡಿದ ಮ್ಯಾಚ್ ನೋಡಿ ನಿರ್ಧರಿಸುವುದು ಟೈ ಇಬ್ಬರ ನಡುವೆ ಮಾತ್ರ ಇದ್ದಾಗ.

ಐಟಿಟಿಎಫ್ ನಿಯಮ ಹೀಗಿದೆ. ಗೆದ್ದರೆ 2 ಮ್ಯಾಚ್ ಪಾಯಿಂಟ್. ಪೂರ್ತಿ ಆಡಿ ಸೋತರೆ 1. ಆಡದೆ ಬಿಟ್ಟರೆ ಅಥವಾ ಅರ್ಧಕ್ಕೆ ಬಿಟ್ಟರೆ 0. ಅದರಲ್ಲಿ ಸಮ ಆದವರನ್ನು ಬೇರೆ ತೆಗೆದು, ಅವರವರ ನಡುವೆ ನಡೆದ ಮ್ಯಾಚ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮೊದಲು ಮ್ಯಾಚ್ ಪಾಯಿಂಟ್, ಆಮೇಲೆ ಗೇಮ್‌ಗಳ ಅನುಪಾತ, ಅಂದರೆ ಗೆದ್ದದ್ದನ್ನು ಸೋತದ್ದರಿಂದ ಭಾಗಿಸುವುದು. ಅಲ್ಲೂ ಸಮ ಆದರೆ ಪಾಯಿಂಟ್‌ಗಳ ಅನುಪಾತ. ಯಾವುದಾದರೂ ಹಂತದಲ್ಲಿ ಒಬ್ಬರ ಸ್ಥಾನ ಇತ್ಯರ್ಥವಾಗಿ ಉಳಿದವರು ಸಮ ಇದ್ದರೆ, ಇತ್ಯರ್ಥವಾದವರ ಮ್ಯಾಚ್‌ಗಳನ್ನು ಬಿಟ್ಟು ಮುಂದಿನ ಲೆಕ್ಕ. ಎಲ್ಲೂ ಬಗೆಹರಿಯದಿದ್ದರೆ ಚೀಟಿ ಎತ್ತುವುದು.

ಇಲ್ಲಿ ಮೂವರದ್ದೂ 5 ಮ್ಯಾಚ್ ಪಾಯಿಂಟ್. ಗೋಕಾಕ ಆಡಿದ ಮ್ಯಾಚ್‌ಗಳು ಲೆಕ್ಕದಿಂದ ಹೊರಗೆ. ಉಳಿದ ಮೂರು ಮ್ಯಾಚ್‌ಗಳೂ 3-1. ಮೂವರೂ ಗೆದ್ದದ್ದು 4 ಗೇಮ್, ಸೋತದ್ದು 4 ಗೇಮ್. ಅನುಪಾತ ಮೂವರದ್ದೂ 1. ಹಾಗಾಗಿ ಕೊನೆಯ ಹಂತ, ಪಾಯಿಂಟ್:

ಬೆಳಗಾವಿ: ಗಳಿಸಿದ್ದು 77, ಬಿಟ್ಟದ್ದು 69. ಅನುಪಾತ 1.116.
ವಿಜಯಪುರ: ಗಳಿಸಿದ್ದು 75, ಬಿಟ್ಟದ್ದು 78. ಅನುಪಾತ 0.962.
ಬಾಗಲಕೋಟೆ: ಗಳಿಸಿದ್ದು 71, ಬಿಟ್ಟದ್ದು 76. ಅನುಪಾತ 0.934.

ಹುಡುಗಿಯ ಅಪ್ಪ ಲೆಕ್ಕದಲ್ಲಿ ಹುಷಾರಿ ಮನುಷ್ಯ. ಅಂಗಡಿ ಲೆಕ್ಕದ ಪಾಕೆಟ್ ಡೈರಿಯಲ್ಲಿ ಎಲ್ಲಾ ಸ್ಕೋರ್ ಬರೆದುಕೊಂಡಿದ್ದರು. ಅವರ ಲೆಕ್ಕದಲ್ಲಿ ಮಗಳದ್ದು 7 ಗೇಮ್ ಗೆಲುವು, 4 ಸೋಲು. ವಿಜಯಪುರದ್ದು 7 ಗೆಲುವು, 5 ಸೋಲು. "ಸರ, ಇದ ನೋಡ್ರಿ, ನಮ್ಮಾಕಿ ಮುಂದ ಅದಾಳ" ಅಂತ ಡೈರಿ ಹಿಡಿದುಕೊಂಡು ರೆಫರಿ ಹತ್ತಿರ ಹೋದರು. ಕೂಡಿಸುವುದರಲ್ಲಿ ಒಂದೂ ತಪ್ಪಿರಲಿಲ್ಲ. ಗೋಕಾಕ ವಿರುದ್ಧದ ಮ್ಯಾಚ್ ಸೇರಿಸಿದ್ದು ಮಾತ್ರ ತಪ್ಪು. ಗೋಕಾಕವನ್ನು ನಮ್ಮವಳು 33-9ರಿಂದ ಅಷ್ಟು ಜೋರಾಗಿ ಸೋಲಿಸಿದ್ದು ಈ ಟೈನಲ್ಲಿ ಒಂದು ಪೈಸೆಗೂ ಬರಲಿಲ್ಲ.

ರೆಫರಿ ತಾಳ್ಮೆಯವರು. ಅಪ್ಪನ ಡೈರಿಯಲ್ಲೇ ಗೋಕಾಕದ ಸಾಲುಗಳ ಮೇಲೆ ಪೆನ್ಸಿಲ್ ಗೀಟು ಎಳೆದು, ಉಳಿದದ್ದನ್ನು ಅವರ ಕೈಯಿಂದಲೇ ಕೂಡಿಸಿದರು. ಎರಡನೇ ಸಲ ಕೂಡಿಸಿದ ಮೇಲೆ ಅಪ್ಪ ಡೈರಿ ಮುಚ್ಚಿದರು. ಎಲ್ಲಾ ಮ್ಯಾಚ್ ಯಾಕೆ ಹಿಡಿಯಲ್ಲ ಅನ್ನುವುದನ್ನೂ ರೆಫರಿ ಹೇಳಿದರು. ಗುಂಪಿನಲ್ಲಿ ಒಬ್ಬರು ತೀರಾ ಹೊಸಬರಿದ್ದರೆ, ಅವರನ್ನು ಯಾರು ಹೆಚ್ಚು ಹೊಡೆದರು ಅನ್ನುವುದರ ಮೇಲೆ ಮುಂದೆ ಹೋಗುವವರು ನಿರ್ಧಾರ ಆಗಬಾರದು. ಸಮ ಇರುವವರು ತಮ್ಮತಮ್ಮಲ್ಲೇ ಏನು ಮಾಡಿದ್ದಾರೋ ಅದನ್ನು ನೋಡಬೇಕು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಆವತ್ತು ಸೋತ ಬೆಂಚಿನಲ್ಲಿ ಕೂತಾಗಲೂ ಹಾಗೇ ಅನ್ನಿಸಿತ್ತು.

ನನ್ನನ್ನು ನಿದ್ದೆಗೆಡಿಸಿದ ಲೆಕ್ಕ ಬೇರೆ. ಆ ನಾಲ್ಕನೇ ಗೇಮ್ 2-11ರ ಬದಲು 5-11 ಆಗಿದ್ದರೆ? ನಮ್ಮವಳದ್ದು 74ಕ್ಕೆ 76, ಅನುಪಾತ 0.974. ವಿಜಯಪುರ 0.962ರಲ್ಲೇ ಇರುತ್ತಿತ್ತು. ಮ್ಯಾಚ್ ಸೋತೇ ನಮ್ಮವಳು ಎರಡನೆಯವಳಾಗಿ ನಾಕೌಟ್‌ಗೆ ಹೋಗುತ್ತಿದ್ದಳು. 4-11 ಆಗಿದ್ದರೆ? 73ಕ್ಕೆ 76, 0.9605. ವಿಜಯಪುರದ್ದು 0.9615. ಅಷ್ಟರಲ್ಲೇ ಹೊರಗೆ. ಬೇಕಾಗಿದ್ದದ್ದು ಸರಿಯಾಗಿ ಮೂರು ಪಾಯಿಂಟ್. 2-7ರಲ್ಲಿ ನಿಂತವಳಿಗೆ ಗೇಮ್ ಗೆಲ್ಲುವುದು ಕಷ್ಟ ಇತ್ತು, ಒಪ್ಪುತ್ತೇನೆ. ಆದರೆ ಎದುರಾಳಿ ನಾಲ್ಕು ಪಾಯಿಂಟ್ ಮಾಡುವಷ್ಟರಲ್ಲಿ ತಾನು ಮೂರು ಮಾಡುವುದು? ಅದು ಅವಳ ಕೈಲಿ ಆಗುವ ಕೆಲಸ.

ಇನ್ನೊಂದು ಮಾತು. ಆ ಗೇಮ್ ಗೆದ್ದು 2-2 ಮಾಡಿ, ಐದನೆಯದನ್ನು ಸೋತು 2-3ರಿಂದ ಮ್ಯಾಚ್ ಕಳೆದುಕೊಂಡಿದ್ದರೂ ನಮ್ಮವಳದ್ದು 5 ಗೇಮ್ ಗೆಲುವು, 4 ಸೋಲು ಆಗುತ್ತಿತ್ತು. ವಿಜಯಪುರದ್ದು 4-4. ಬೆಳಗಾವಿಯದ್ದು 4-5. ಅಂದರೆ ಸೋತವಳು ಗುಂಪಿಗೆ ಮೊದಲನೆಯವಳು, ಗೆದ್ದ ಬೆಳಗಾವಿ ಮೂರನೆಯದಾಗಿ ಮನೆಗೆ. ಈ ನಕ್ಷೆ ಕೊನೆಯ ಮ್ಯಾಚಿಗೆ ಮುಂಚೆಯೇ ಕಾಗದದ ಮೇಲೆ ಬರೆಯಬಹುದಿತ್ತು. 0-3 ಸೋತರೆ ಹೊರಗೆ, 1-3 ಸೋತರೆ ಪಾಯಿಂಟ್ ಲೆಕ್ಕ, 2-3 ಸೋತರೆ ಮೊದಲ ಸ್ಥಾನ. ಐದು ನಿಮಿಷದ ಕೆಲಸ. ನಾನು ಆ ಐದು ನಿಮಿಷ ಚಹಾ ಕುಡಿಯುತ್ತಾ ನಿಂತಿದ್ದೆ.

ಅರ್ಧಕ್ಕೆ ಬಿಡುವ ವಿಷಯವನ್ನೂ ಇಲ್ಲೇ ಹೇಳಬೇಕು, ಯಾಕಂದರೆ ನಮ್ಮ ಕಡೆ ಇದು ಜಾಸ್ತಿ ನಡೆಯುತ್ತದೆ. "ಹೆಂಗೂ ಮುಂದ ಹೋಗ್ತಿ, ಸುಮ್ನ ಬಿಟ್ಟು ಬಾ, ಶಕ್ತಿ ಉಳೀತೈತಿ" ಅನ್ನುವವರು ಇದ್ದಾರೆ. ಹಾಗೆ ಬಿಟ್ಟು ಬಂದಿದ್ದರೆ ನಮ್ಮವಳಿಗೆ ಆ ಮ್ಯಾಚಿಗೆ 1ರ ಬದಲು 0. ಒಟ್ಟು 4. ಆಗ ಟೈ ಕೂಡ ಇರುತ್ತಿರಲಿಲ್ಲ, ನೇರವಾಗಿ ಮೂರನೆಯವಳು.

ಇದು ನಮ್ಮ ಕಡೆಯ ಸಣ್ಣ ಟೂರ್ನಿಯ ಕಥೆ, ಇಷ್ಟು ಉದ್ದ ಯಾಕೆ ಅಂತ ಕೇಳಬಹುದು. ಈ ಮಕ್ಕಳು ಮುಂದೆ ಹತ್ತಬೇಕಾದ ಮೆಟ್ಟಿಲುಗಳಲ್ಲೂ ಇದೇ ಲೆಕ್ಕ ಕಾಯುತ್ತಿರುತ್ತದೆ. ವರ್ಲ್ಡ್ ಟೇಬಲ್ ಟೆನಿಸ್, ಅಂದರೆ ಡಬ್ಲ್ಯೂಟಿಟಿಯ ಯೂತ್ ಕಂಟೆಂಡರ್ ಟೂರ್ನಿಗಳಲ್ಲಿ 11, 13, 15, 17, 19 ವರ್ಷದೊಳಗಿನ ವಿಭಾಗಗಳಿವೆ. ಅಲ್ಲೂ ಮೊದಲು ಗುಂಪು, ಆಮೇಲೆ ನಾಕೌಟ್. ಆಟಗಾರರು ತಾವೇ ಹೆಸರು ಕೊಡುವಂತಿಲ್ಲ, ದೇಶದ ಫೆಡರೇಶನ್ ಮೂಲಕವೇ ಎಂಟ್ರಿ ಹೋಗಬೇಕು. ವಯಸ್ಸನ್ನು ಹುಟ್ಟಿದ ವರ್ಷದ ಮೇಲೆ ಹಿಡಿಯುತ್ತಾರೆ. ಉದಾಹರಣೆಗೆ 2024ರಲ್ಲಿ 15ರೊಳಗಿನ ವಿಭಾಗಕ್ಕೆ 2009ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು. ನಮ್ಮ ಊರುಗಳಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿಬಿಡುವ ರೂಢಿ ಇತ್ತಲ್ಲ, ಅದರ ಜೊತೆ ವರ್ಷವೂ ಆಚೀಚೆ ಆಗಿದ್ದರೆ ಪಾಸ್‌ಪೋರ್ಟ್ ಮಾಡಿಸುವಾಗ ಕಷ್ಟ. ಪಾಲಕರು ಈಗಲೇ ಜನನ ಪ್ರಮಾಣಪತ್ರ ತೆಗೆದು ನೋಡುವುದು ಒಳ್ಳೆಯದು.

ದೊಡ್ಡವರ ಮಟ್ಟದಲ್ಲಿ ಇನ್ನೂ ಬಿಗಿ. 2024ರ ಮಕಾವು ವಿಶ್ವಕಪ್‌ನಲ್ಲಿ ಪುರುಷರಲ್ಲಿ 48, ಮಹಿಳೆಯರಲ್ಲಿ 48 ಆಟಗಾರರು. ಮೂರು ಮೂರು ಜನರ 16 ಗುಂಪು, ಪ್ರತಿ ಗುಂಪಿನಿಂದ ಒಬ್ಬರೇ ಮುಂದೆ. ಮೂವರ ಗುಂಪಿನಲ್ಲಿ ಒಬ್ಬರಿಗೊಬ್ಬರು ಸೋತರೆ ನಮ್ಮ ಬೆಳಗಾವಿಯ ಕಥೆಯೇ. 2023ರ ಕೊನೆಗೆ ಚೆಂಗ್ಡುವಿನಲ್ಲಿ ಶುರುವಾದ ಮಿಶ್ರ ತಂಡಗಳ ವಿಶ್ವಕಪ್ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ತಂಡ ಎಷ್ಟು ಮ್ಯಾಚ್ ಗೆದ್ದಿತು ಅನ್ನುವುದಕ್ಕಿಂತ ಎಷ್ಟು ಗೇಮ್ ಗೆದ್ದಿತು ಅನ್ನುವುದೇ ಮುಖ್ಯ. ಮೊದಲು 8 ಗೇಮ್ ಗೆದ್ದ ತಂಡಕ್ಕೆ ಜಯ. ಹಾಗಾಗಿ ಸೋಲುತ್ತಿರುವ ಆಟಗಾರ್ತಿ ಕಿತ್ತುಕೊಂಡ ಒಂದು ಗೇಮ್ ಕೂಡ ತಂಡದ ಜೇಬಿಗೆ.

ಭಾರತ ತಂಡದ ಕಥೆ ನನ್ನ ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಬುಸಾನ್‌ನಲ್ಲಿ ವಿಶ್ವ ತಂಡ ಚಾಂಪಿಯನ್‌ಶಿಪ್. ಪುರುಷರಲ್ಲಿ 40, ಮಹಿಳೆಯರಲ್ಲಿ 40 ತಂಡಗಳು, ಐದೈದರ 8 ಗುಂಪು. ಗುಂಪಿನ ಮೊದಲ ಮೂರು ತಂಡಗಳಿಗೆ ನಾಕೌಟ್. ನಮ್ಮ ಮಹಿಳೆಯರಿಗೆ ಮೊದಲು ಎದುರಾದದ್ದೇ ಚೀನಾ. ಐಹಿಕಾ ಮುಖರ್ಜಿ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು, ಶ್ರೀಜಾ ಅಕುಲ ವಾಂಗ್ ಯಿಡಿ ಅವರನ್ನು. ಕೊನೆಗೆ 2-3ರಿಂದ ಸೋತರು. ಎಂಟರ ಘಟ್ಟ ಮುಟ್ಟಿದ್ದರೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಜಾಗ ಸಿಗುತ್ತಿತ್ತು, ಆ ಘಟ್ಟ ನಮ್ಮ ಎರಡೂ ತಂಡಕ್ಕೆ ಸಿಗಲಿಲ್ಲ. ಆದರೂ ಉಳಿದ ಜಾಗಗಳು ವಿಶ್ವ ರ‍್ಯಾಂಕಿಂಗ್ ಮೇಲೆ ಹಂಚಿಕೆಯಾದಾಗ ಪುರುಷರು, ಮಹಿಳೆಯರು ಎರಡೂ ತಂಡಗಳು ಒಳಗೆ ಬಂದವು. ತಂಡ ವಿಭಾಗ ಒಲಿಂಪಿಕ್ಸ್‌ಗೆ ಬಂದದ್ದು 2008ರಲ್ಲಿ. ಭಾರತದ ತಂಡ ಅಲ್ಲಿ ಆಡಿದ್ದು 2024ರ ಪ್ಯಾರಿಸ್‌ನಲ್ಲೇ ಮೊದಲು. ಪ್ಯಾರಿಸ್‌ನಲ್ಲಿ ಮಹಿಳೆಯರು ರುಮೇನಿಯಾವನ್ನು 3-2ರಿಂದ ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಹೋದರು. ಆ ತಂಡದಲ್ಲಿ ನಮ್ಮ ಕರ್ನಾಟಕದ ಅರ್ಚನಾ ಕಾಮತ್ ಇದ್ದರು. ಜರ್ಮನಿ ವಿರುದ್ಧ 1-3ರಿಂದ ಸೋತಾಗ ಆ ಒಂದು ಗೆಲುವು ತಂದವರು ಅವರೇ.

ಸೀನಿಯರ್ ಸಿಂಗಲ್ಸ್ ರ‍್ಯಾಂಕಿಂಗ್‌ಗೆ ಹನ್ನೆರಡು ತಿಂಗಳ ಅತ್ಯುತ್ತಮ ಎಂಟು ಫಲಿತಾಂಶಗಳನ್ನು ಹಿಡಿಯುತ್ತಾರೆ. ಗುಂಪು ದಾಟಿದರೆ ಪಾಯಿಂಟ್ ಜಾಸ್ತಿ, ದಾಟದಿದ್ದರೆ ಕಡಿಮೆ. ಮುಂದಿನ ಟೂರ್ನಿಯ ಎಂಟ್ರಿ, ಸೀಡ್, ಯಾರ ಗುಂಪಿಗೆ ಬೀಳುತ್ತೇವೆ ಅನ್ನುವುದೆಲ್ಲ ಅದರ ಮೇಲೆ. ಒಂದು ಗೇಮ್‌ನ ಬಾಲದಲ್ಲಿ ಬಿಟ್ಟ ಮೂರು ಪಾಯಿಂಟ್ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದರು. ಮಡಿಲಲ್ಲಿ ಕುಂದಾದ ಡಬ್ಬಿ, ಮನೆಯಲ್ಲಿ ಕಾಯುತ್ತಿದ್ದ ತಮ್ಮನಿಗೆ. ಹುಡುಗಿ ಅವರ ಜೇಬಿನಿಂದ ಡೈರಿ ತೆಗೆದುಕೊಂಡು, ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಏನೋ ಒತ್ತುತ್ತಾ ಕೂತಿದ್ದಳು. ಯರಗಟ್ಟಿ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಸರ, ಐದ ಮಾಡಿದ್ರ ಆಗ್ತಿತ್ತು" ಅಂದಳು. ನಾನು ಹೂಂ ಅಂದೆ. "ನಾನ ನಿನಗ ತಪ್ಪ ಹೇಳಿದ್ನಿ" ಅಂತಲೂ ಅಂದೆ. ಅವಳು ಏನೂ ಅನ್ನಲಿಲ್ಲ, 5-11 ಅಂತ ಬರೆದು ಅದರ ಸುತ್ತ ಒಂದು ಗೆರೆ ಎಳೆದಳು.

ಅದಾದ ಮೇಲೆ ನಮ್ಮಲ್ಲಿ ಎರಡು ಬದಲಾವಣೆ ಆಗಿವೆ. ಗುಂಪಿನ ಕೊನೆಯ ಮ್ಯಾಚಿಗೆ ಮುಂಚೆ ನಾನು ಒಂದು ಚೀಟಿಯಲ್ಲಿ 0-3, 1-3, 2-3 ಮೂರಕ್ಕೂ ಏನಾಗುತ್ತದೆ ಅಂತ ಬರೆದು ಮಕ್ಕಳ ಕೈಗೆ ಕೊಡುತ್ತೇನೆ. ಪಾಯಿಂಟ್ ಲೆಕ್ಕ ಬರುವಂತಿದ್ದರೆ ಎಷ್ಟು ಬೇಕು ಅನ್ನುವುದನ್ನೂ ಬರೆಯುತ್ತೇನೆ. ಇನ್ನೊಂದು, ಪ್ರತಿ ಶನಿವಾರ ಪ್ರ್ಯಾಕ್ಟೀಸ್‌ನ ಕೊನೆಯ ಅರ್ಧ ಗಂಟೆ ಎಲ್ಲರೂ 2-7ರಿಂದ ಆಡುತ್ತಾರೆ. ಗೆಲ್ಲಲೇಬೇಕು ಅಂತಿಲ್ಲ, ಎಷ್ಟಕ್ಕೆ ಸೋತರು ಅನ್ನುವುದನ್ನು ಗೋಡೆ ಮೇಲಿನ ಹಾಳೆಯಲ್ಲಿ ಬರೆಯಬೇಕು. ಹೋದ ಶನಿವಾರ ಅವಳು ದೊಡ್ಡ ಹುಡುಗನೊಬ್ಬನ ಎದುರು 2-7ರಿಂದ ಶುರು ಮಾಡಿ 9-11ಕ್ಕೆ ಸೋತಳು. 7-10ರಲ್ಲಿ ಸರ್ವ್ ಮಾಡುವ ಮುಂಚೆ ಟವೆಲ್ ತೆಗೆದುಕೊಳ್ಳಲಾ ಅಂತ ಕೇಳಿದಳು. ಒಟ್ಟು ಹದಿನೇಳು ಆಗಿತ್ತು, ಇನ್ನೊಂದು ಪಾಯಿಂಟ್ ಆಡಬೇಕಿತ್ತು. ಆಡಿ, 8-10 ಮಾಡಿಕೊಂಡು, ಆಮೇಲೆ ಹೋಗಿ ಮುಖ ಒರೆಸಿಕೊಂಡು ಬಂದಳು.